ತಿರುಗಾಟವಿಲ್ಲದ ಭಾಗವತ

ನಾಗಪುರದ ಬೇಸಿಗೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವವರ ದಿನ ಊರಿಗಿಂತ ಮೊದಲೇ ಶುರುವಾಗುತ್ತದೆ. ಬಿಸಿಲು 45 ಡಿಗ್ರಿ ಮುಟ್ಟುವ ಊರು; ಬಯಲು ಅಂಕಣದ ಸಿಮೆಂಟು ಒಂಬತ್ತು ಗಂಟೆಗೆಲ್ಲ ದೋಸೆ ಕಾವಲಿ. ಚೆಂಡಿನ ಸದ್ದು ಕೇಳಬೇಕೆಂದರೆ ಬೆಳಗಿನ ಆರಕ್ಕೆ ಹೋಗಬೇಕು, ಇಲ್ಲವೇ ದೀಪ ಹತ್ತಿದ ಮೇಲೆ. ಶಿವಾಜಿನಗರದ ಜಿಮ್ಖಾನಾ ಇರಲಿ, ಯಾವುದೋ ಕಾಲೇಜಿನ ಹಿತ್ತಿಲ ಅಂಕಣವಿರಲಿ, ಆ ಹೊತ್ತಿನಲ್ಲಿ ಒಬ್ಬ ಹುಡುಗ ಎಲ್ಲೆಡೆಯೂ ಕಾಣಸಿಗುತ್ತಾನೆ. ತಂಡದಲ್ಲೇ ಗಿಡ್ಡ. ಐದಡಿ ಎಂಟು ಅಂಗುಲ, ತಪ್ಪಿದರೆ ಒಂಬತ್ತು. ಬಿ.ಕಾಂ. ಎರಡನೇ ವರ್ಷವೋ, ಎಂಜಿನಿಯರಿಂಗ್ ಮೂರನೆಯದೋ. ಉಳಿದವರು ಬುಟ್ಟಿಗೆ ಗುರಿಯಿಡುತ್ತಿದ್ದರೆ ಇವನು ಅತ್ತ ನೋಡುವುದೇ ಕಡಿಮೆ. ಎಡಗೈಯಲ್ಲಿ ಚೆಂಡು ಪುಟಿಸುತ್ತ, ಬಲಗೈಯೆತ್ತಿ ಎರಡು ಬೆರಳು ತೋರಿಸಿ, ಯಾರು ಎಲ್ಲಿ ನಿಲ್ಲಬೇಕೆಂದು ಕೂಗುತ್ತಿರುತ್ತಾನೆ.

ಅವನು ಪಾಯಿಂಟ್ ಗಾರ್ಡ್. ಅವನಿಗೊಂದು ಹೆಸರು ಬೇಕಿಲ್ಲ, ಏಕೆಂದರೆ ಅವನು ಒಬ್ಬನಲ್ಲ. ಧಾರವಾಡದಲ್ಲೂ ಇದ್ದಾನೆ, ಮಂಡ್ಯದಲ್ಲೂ ಇದ್ದಾನೆ. ಅವನ ಬಗ್ಗೆ ಮನೆಯವರು ಕೇಳುವ ಪ್ರಶ್ನೆಯೂ ಎಲ್ಲ ಊರಲ್ಲೂ ಒಂದೇ: ಇದರಿಂದ ಅನ್ನ ಹುಟ್ಟೀತೇ? ವೃತ್ತಿಪರ ಆಟದಲ್ಲಿ ಇವನು ನಿಂತಾನೇ? ಪಕ್ಕದಲ್ಲಿ ಯಾರಾದರೂ ತಿಳಿದವರಿದ್ದರೆ ಉತ್ತರ ತಡವಾಗುವುದಿಲ್ಲ: ‘ಆಟವೇನೋ ಇದೆ, ಎತ್ತರ ಸಾಲದು.’

ಆ ತಿಳಿದವರು ಅಳೆಯುತ್ತಿರುವ ವಸ್ತುವೇ ತಪ್ಪು ಎನ್ನುವುದು ಈ ಲೇಖನದ ವಾದ.

ಮೊದಲ ವೇಷಧಾರಿ

ಪಾಯಿಂಟ್ ಗಾರ್ಡ್ ಎಂದರೇನೆಂದು ಕರಾವಳಿಯವರಿಗೆ ವಿವರಿಸುವುದು ಸುಲಭ. ಅವನು ಆಟದ ಭಾಗವತ. ಯಕ್ಷಗಾನದಲ್ಲಿ ಕಿರೀಟ ತೊಟ್ಟು ಕುಣಿಯುವವರು ಬೇರೆ. ಆದರೂ ಭಾಗವತನನ್ನೇ ಮೊದಲ ವೇಷಧಾರಿ ಎನ್ನುತ್ತಾರೆ. ಪದ ಎತ್ತುವವನು ಅವನು, ತಾಳ ಬಿಗಿಮಾಡುವವನು ಅವನು, ಯಾವ ವೇಷಕ್ಕೆ ಎಷ್ಟು ಹೊತ್ತು ಬಿಡಬೇಕೆಂದು ಕಣ್ಣಲ್ಲೇ ಅಳೆದು ಮೊಟಕುಗೊಳಿಸುವವನೂ ಅವನೇ.

ಅಂಕಣದಲ್ಲೂ ಹಾಗೆಯೇ. 28 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗ. ಚೆಂಡು ಸಿಕ್ಕ 8 ಸೆಕೆಂಡಿನಲ್ಲಿ ಅರ್ಧಗೆರೆ ದಾಟಿಸಬೇಕು, 24 ಸೆಕೆಂಡಿನಲ್ಲಿ ಬುಟ್ಟಿಗೆ ಎಸೆತ ಹೋಗಿರಬೇಕು. ಇಷ್ಟರೊಳಗೆ ನಾಲ್ವರನ್ನು ಅವರವರ ಜಾಗಕ್ಕೆ ಕಳಿಸಿ, ಎದುರಾಳಿಯ ಕಾವಲಿನಲ್ಲಿ ಸಂದು ಹುಡುಕಬೇಕು. ಈ ಆಟದ ಬೀಜಮಂತ್ರ ‘ಪಿಕ್ ಅಂಡ್ ರೋಲ್’. ಎತ್ತರದ ಜೊತೆಗಾರನೊಬ್ಬ ಬಂದು, ಗಾರ್ಡ್‌ನನ್ನು ಕಾಯುತ್ತಿರುವವನ ದಾರಿಗೆ ಗೋಡೆಯಂತೆ ನಿಲ್ಲುತ್ತಾನೆ. ಆಗ ಗಾರ್ಡ್ ಎದುರು ನಾಲ್ಕು ದಾರಿ ತೆರೆದುಕೊಳ್ಳುತ್ತವೆ. ತಾನೇ ಒಳನುಗ್ಗಬಹುದು. ನಿಂತಲ್ಲಿಂದಲೇ ಎಸೆಯಬಹುದು. ಬುಟ್ಟಿಯತ್ತ ತಿರುಗಿ ಓಡಿದ ಜೊತೆಗಾರನಿಗೆ ಕೊಡಬಹುದು. ಮೂಲೆಯಲ್ಲಿ ಒಂಟಿಯಾಗಿ ಉಳಿದವನಿಗೆ ದಾಟಿಸಬಹುದು. ಯಾವುದು ಸರಿ ಎಂಬುದು ಎದುರಾಳಿಯ ದೊಡ್ಡ ಆಟಗಾರ ಒಂದು ಹೆಜ್ಜೆ ಮುಂದಿಟ್ಟನೇ, ಹಿಂದಿಟ್ಟನೇ ಎಂಬುದರ ಮೇಲೆ. ನಿರ್ಧಾರಕ್ಕೆ ಸಿಗುವುದು ಅರ್ಧ ಸೆಕೆಂಡು.

ಈ ಅರ್ಧ ಸೆಕೆಂಡನ್ನು ಬೋರ್ಡಿನ ಮೇಲೆ ಬರೆದು ಕಲಿಸಲಾಗದು. ಭಾಗವತ ಹೇಗೆ ತಯಾರಾಗುತ್ತಾನೆ? ಮೊದಲು ಸಂಗೀತಗಾರನಾಗಿ ಪೂರ್ವರಂಗದ ಪದ ಹೇಳುತ್ತಾನೆ. ಮುಖ್ಯ ಭಾಗವತ ಬಂದು ಕೂತ ಮೇಲೆ ಹಿಂದೆ ಸರಿದು ಕೇಳುತ್ತಾನೆ. ದೀಪಾವಳಿಯ ಸುಮಾರಿಗೆ ಹೊರಟ ಮೇಳ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೆ ಊರೂರು ಸುತ್ತುತ್ತದೆ. ಅಷ್ಟು ರಾತ್ರಿಗಳ ತಪ್ಪು, ಅಷ್ಟು ರಾತ್ರಿಗಳ ತಿದ್ದುಪಡಿ ಕೂಡಿ ಅವನ ಕೈಯ ಜಾಗಟೆ ಪಳಗುತ್ತದೆ. ತಿರುಗಾಟವಿಲ್ಲದೆ ಭಾಗವತನಿಲ್ಲ. ಪಾಯಿಂಟ್ ಗಾರ್ಡ್ ಕೂಡ ಪಂದ್ಯಗಳಿಂದಲೇ ಆಗುವವನು. ಎತ್ತರ ತಾಯಿಯ ಹೊಟ್ಟೆಯಿಂದ ಬಂದೀತು, ಈ ಕಣ್ಣು ಬರುವುದಿಲ್ಲ.

ಎತ್ತರಕ್ಕೆ ಸಿಕ್ಕ ವಿಮಾನ

ಭಾರತದಿಂದ ಹೊರಗೆ ಹೋದ ಬ್ಯಾಸ್ಕೆಟ್‌ಬಾಲ್ ಆಟಗಾರರ ಹೆಸರುಗಳನ್ನು ಒಂದು ಸಾಲಿನಲ್ಲಿ ಇಟ್ಟರೆ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಪಂಜಾಬಿನ ಬಲ್ಲೋ ಕೆ ಗ್ರಾಮದ ಸತ್ನಾಮ್ ಸಿಂಗ್ ಭಾಮರಾ, ಏಳಡಿ ಎರಡಂಗುಲ. ಲೂಧಿಯಾನ ಅಕಾಡೆಮಿಯಲ್ಲಿ ಬೆಳೆದು, 2010ರಲ್ಲಿ ವಿದ್ಯಾರ್ಥಿವೇತನದ ಮೇಲೆ ಫ್ಲಾರಿಡಾಕ್ಕೆ ಹಾರಿ, ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2015ರ ಡ್ರಾಫ್ಟಿನಲ್ಲಿ 52ನೆಯವನಾಗಿ ಡಲ್ಲಾಸ್ ಮ್ಯಾವರಿಕ್ಸ್ ಪಾಲಾದ. ಆ ಗೌರವ ಪಡೆದ ಮೊದಲ ಭಾರತೀಯ ಅವನು, ಆದರೆ ಎನ್‌ಬಿಎ ಪಂದ್ಯವೊಂದರಲ್ಲಿ ಒಂದು ನಿಮಿಷವೂ ಆಡಲಿಲ್ಲ. 2017ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ಸೇರಿದ ಅಮೃತ್‌ಪಾಲ್ ಸಿಂಗ್ ಆರಡಿ ಹನ್ನೊಂದರ ಆಸಾಮಿ. ಎನ್‌ಬಿಎಯ ಕಿರಿಯ ಲೀಗಿನಲ್ಲಿ ಒಕ್ಲಹಾಮಾ ಸಿಟಿ ಬ್ಲೂ ಪರ ಆಡಿದ ಅಮ್ಜ್ಯೋತ್ ಸಿಂಗ್ ಆರಡಿ ಎಂಟು. 2020–21ರಲ್ಲಿ ಜಿ ಲೀಗ್ ಇಗ್ನೈಟ್ ತಂಡದಲ್ಲಿದ್ದ ಪ್ರಿನ್ಸ್‌ಪಾಲ್ ಸಿಂಗ್ ಆರಡಿ ಹತ್ತು.

ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಪರ ಮೊದಲ ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಡಿದಳು; ಅವಳೂ ಬುಟ್ಟಿಯ ಹತ್ತಿರ ಆಡುವ ಎತ್ತರದ ಫಾರ್ವರ್ಡ್. ಗಾರ್ಡ್‌ಗಳು ಇಲ್ಲವೆಂದಲ್ಲ. ಸತ್ನಾಮ್ ಜೊತೆ ಅದೇ ವಿದ್ಯಾರ್ಥಿವೇತನದಲ್ಲಿ ಹೋಗಿದ್ದ ಕವಿತಾ ಅಕುಲ ಗ್ರ್ಯಾಂಡ್ ಕ್ಯಾನ್ಯನ್ ವಿಶ್ವವಿದ್ಯಾಲಯದ ತಂಡದಲ್ಲಿ ಗಾರ್ಡ್ ಆಗಿದ್ದಳು. ವಾರಾಣಸಿಯ ವಿಶೇಷ್ ಭೃಗುವಂಶಿ, ದೇಶ ಕಂಡ ಅತ್ಯುತ್ತಮ ಗಾರ್ಡ್‌ಗಳಲ್ಲೊಬ್ಬ, 2017ರಲ್ಲಿ ಅಡಿಲೇಡ್ ಥರ್ಟಿಸಿಕ್ಸರ್ಸ್ ಜೊತೆ ಒಪ್ಪಂದ ಮಾಡಿಕೊಂಡ. ಆದರೆ ಅವನೂ ಆರಡಿ ನಾಲ್ಕು. ನಾಗಪುರದ ಐದಡಿ ಎಂಟರ ಹುಡುಗನಿಗೆ ಕನ್ನಡಿಯಾಗುವವರು ಈ ಪಟ್ಟಿಯಲ್ಲಿ ಯಾರೂ ಇಲ್ಲ.

ಇದಕ್ಕೆ ಕಾರಣ ಸರಳ. ಹದಿನಾಲ್ಕರ ವಯಸ್ಸಿನಲ್ಲಿ ಆರೂವರೆ ಅಡಿ ಇರುವ ಹುಡುಗನನ್ನು ಗುರುತಿಸಲು ತಜ್ಞ ಬೇಕಿಲ್ಲ, ಟೇಪು ಸಾಕು. ಅವನನ್ನು ಅಕಾಡೆಮಿಗೆ ಒಯ್ದು, ತಿನ್ನಿಸಿ, ಹೊರದೇಶಕ್ಕೆ ಕಳಿಸಬಹುದು. ಆಟ ಅಲ್ಲಿ ಕಲಿತಾನು. ಗಾರ್ಡ್ ಹಾಗಲ್ಲ. ಗಿಡ್ಡ ಗಾರ್ಡ್‌ಗಳಿಗೆ ಪ್ರಪಂಚದಲ್ಲಿ ಬರವಿಲ್ಲ, ಆಟ ಕಲಿತು ಮುಗಿಸಿದವನಿಗಷ್ಟೇ ಬಾಗಿಲು ತೆರೆಯುತ್ತದೆ. ಕಲಿತು ಮುಗಿಸುವುದು ಎಲ್ಲಿ?

ಕಾಲೇಜಿನ ರಾಜ, ಲೀಗಿನ ಅತಿಥಿ

ಕಾಲೇಜಿನಲ್ಲಿ ಮೆರೆದವನು ವೃತ್ತಿಯಲ್ಲಿ ಮೆರೆದಾನೆಂಬ ಭರವಸೆ ಅಮೆರಿಕದಲ್ಲೂ ಇಲ್ಲ. ಎನ್‌ಬಿಎಯ 30 ತಂಡಗಳಲ್ಲಿ ತಲಾ 15 ಪೂರ್ಣ ಒಪ್ಪಂದ, ಒಟ್ಟು 450 ಕುರ್ಚಿ. 2010–11ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಜಿಮ್ಮರ್ ಫ್ರೆಡೆಟ್ ಪಂದ್ಯಕ್ಕೆ ಸರಾಸರಿ 28.9 ಅಂಕ ಹೊಡೆದು ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗನಾದ. ಡ್ರಾಫ್ಟಿನಲ್ಲಿ 10ನೆಯವನಾಗಿ ಆಯ್ಕೆಯಾದ. ಎನ್‌ಬಿಎಯಲ್ಲಿ ಮಾತ್ರ ಬೇರೂರಲಿಲ್ಲ; ಹೆಸರು ಉಳಿಸಿಕೊಂಡದ್ದು ಚೀನಾದ ಶಾಂಘೈಯಲ್ಲಿ. ಅದಕ್ಕೊಂದು ವರ್ಷ ಮೊದಲು ಹಾರ್ವರ್ಡ್‌ನಿಂದ ಹೊರಬಂದ ಜೆರೆಮಿ ಲಿನ್‌ನನ್ನು ಡ್ರಾಫ್ಟಿನಲ್ಲಿ ಯಾರೂ ಮುಟ್ಟಲಿಲ್ಲ. ಎರಡು ತಂಡ ಕೈಬಿಟ್ಟವು. ಮೂರನೆಯದು, ನ್ಯೂಯಾರ್ಕ್ ನಿಕ್ಸ್, ಕಿರಿಯ ಲೀಗಿಗೆ ಅಟ್ಟಿತ್ತು. 2012ರ ಫೆಬ್ರವರಿಯಲ್ಲಿ ಅವಕಾಶ ಸಿಕ್ಕಾಗ ಅವನು ಲೇಕರ್ಸ್ ವಿರುದ್ಧ 38 ಅಂಕ ಬಾರಿಸಿ ಊರನ್ನೇ ಎಬ್ಬಿಸಿದ. ಫ್ರೆಡ್ ವ್ಯಾನ್‌ವ್ಲೀಟ್ ವಿಚಿಟಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ, 2016ರಲ್ಲಿ ಯಾರಿಗೂ ಬೇಡವಾಗಿ, ಕಿರಿಯ ಲೀಗಿನ ಮೆಟ್ಟಿಲು ಹತ್ತಿ, 2019ರಲ್ಲಿ ಟೊರಾಂಟೊ ಪರ ಚಾಂಪಿಯನ್ ಆದ.

ಈ ಮೂವರ ಭವಿಷ್ಯವನ್ನು ಮೊದಲೇ ಯಾರೂ ಸರಿಯಾಗಿ ಹೇಳಲಿಲ್ಲ. ಆದರೆ ಮೂವರಿಗೂ ಒಂದು ಭಾಗ್ಯವಿತ್ತು: ಅಮೆರಿಕದ ಮೊದಲ ದರ್ಜೆಯ ಕಾಲೇಜು ತಂಡ ಒಂದು ಋತುವಿನಲ್ಲಿ ಮೂವತ್ತರ ಆಸುಪಾಸು ಪಂದ್ಯ ಆಡುತ್ತದೆ. ಪದವಿ ಮುಗಿಸುವ ಹೊತ್ತಿಗೆ ನೂರಕ್ಕೂ ಮೀರಿದ ಪಂದ್ಯಗಳ ಗಾಯ, ಗೆಲುವು, ತಪ್ಪು ಮೈಯಲ್ಲಿರುತ್ತವೆ. ಗೆದ್ದವನೂ ಸೋತವನೂ ಪರೀಕ್ಷೆ ಬರೆದೇ ಗೆದ್ದ, ಬರೆದೇ ಸೋತ.

ಇನ್ನು ಎತ್ತರದ ಮಾತು. 1987ರಲ್ಲಿ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಿಂದ ಬಂದ ಮಗ್ಸಿ ಬೋಗ್ಸ್ ಐದಡಿ ಮೂರಂಗುಲ. ನಮ್ಮೂರಿನ ಬಸ್ಸಿನಲ್ಲಿ ನಿಂತರೆ ಮೇಲಿನ ಹಿಡಿಕೆ ಸಿಗುವುದು ಕಷ್ಟ. ಎನ್‌ಬಿಎಯಲ್ಲಿ 14 ಋತು ಆಡಿದ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆ ಅವನ ಮಟ್ಟಿಗೆ ಅಂಕಿಅಂಶ.

ಯೊಕೊಹಾಮಾದ ಪಾಠ

ನಾಗಪುರದ ಹುಡುಗನಿಗೆ ಕನ್ನಡಿ ಬೇಕಿದ್ದರೆ ಅದು ಅಮೆರಿಕಕ್ಕಿಂತ ಹತ್ತಿರದಲ್ಲಿದೆ. ಜಪಾನಿನ ಯೂಕಿ ಕವಾಮುರಾ, 2001ರಲ್ಲಿ ಹುಟ್ಟಿದವನು, 172 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಐದಡಿ ಎಂಟು. ಟೊಕಾಯ್ ವಿಶ್ವವಿದ್ಯಾಲಯದ ಪಾಯಿಂಟ್ ಗಾರ್ಡ್ ಆಗಿದ್ದವನು 2022ರಲ್ಲಿ ಓದು ಅರ್ಧಕ್ಕೆ ಬಿಟ್ಟು ಯೊಕೊಹಾಮಾ ಬಿ-ಕೊರ್ಸೇರ್ಸ್ ತಂಡದ ಪೂರ್ಣಾವಧಿ ವೃತ್ತಿಪರನಾದ. 2022–23ರಲ್ಲಿ ಜಪಾನಿನ ಬಿ ಲೀಗಿನ ಅತ್ಯುತ್ತಮ ಆಟಗಾರ. 2024ರ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಫ್ರಾನ್ಸ್ ವಿರುದ್ಧ 29 ಅಂಕ ಗಳಿಸಿದ; ಜಪಾನ್ ಹೆಚ್ಚುವರಿ ಅವಧಿಯಲ್ಲಿ 90–94ರಿಂದ ಸೋತಿತಾದರೂ ಆ ರಾತ್ರಿ ಜನ ನೆನಪಿಟ್ಟುಕೊಂಡದ್ದು ಅವನನ್ನು. ಅದೇ ವರ್ಷ ಮೆಂಫಿಸ್ ಗ್ರಿಜ್ಲೀಸ್ ಸೇರಿ ಎನ್‌ಬಿಎ ಅಂಕಣಕ್ಕೆ ಇಳಿದ.

ಕವಾಮುರಾ ಅದ್ಭುತ ಪ್ರತಿಭೆ, ಸರಿ. ಆದರೆ ಅವನು ಹತ್ತು ವರ್ಷ ಮುಂಚೆ ಹುಟ್ಟಿದ್ದರೆ? 2014ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಫೀಬಾ ಜಪಾನನ್ನೇ ಅಮಾನತು ಮಾಡಿತ್ತು. ಒಂದೇ ದೇಶದಲ್ಲಿ ಎರಡು ಲೀಗುಗಳು ಕಾದಾಡುತ್ತಿದ್ದುದೇ ಮುಖ್ಯ ಕಾರಣ. ಆ ಅವಮಾನದಿಂದ ಎಚ್ಚೆತ್ತು ಎರಡನ್ನೂ ಬೆಸೆದು 2016ರಲ್ಲಿ ಬಿ ಲೀಗ್ ಕಟ್ಟಿದರು. ಅದರ ಮೇಲಿನ ದರ್ಜೆಯ ತಂಡವೊಂದಕ್ಕೆ ಋತುವಿಗೆ 60 ಪಂದ್ಯ. ಕವಾಮುರಾ ಬೆಳೆದದ್ದು ಆ ತಿರುಗಾಟದಲ್ಲಿ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 2015ರಲ್ಲಿ, ನಮ್ಮ ಫೆಡರೇಷನ್ನೂ ಎರಡು ಬಣವಾಗಿ ಕಿತ್ತಾಡಿತು. ಬೆಂಗಳೂರಿನ ಕೆ. ಗೋವಿಂದರಾಜ್ ಬಣಕ್ಕೆ ಫೀಬಾ ಮನ್ನಣೆ ಕೊಟ್ಟ ಮೇಲೆ ಜಗಳ ತಣ್ಣಗಾಯಿತು, ಲೀಗು ಮಾತ್ರ ಬೇರು ಬಿಡಲಿಲ್ಲ. 2015ರಲ್ಲಿ ಎಂಟು ತಂಡಗಳೊಂದಿಗೆ ಶುರುವಾದ ಯುಬಿಎ ಲೀಗಿನಲ್ಲಿ ಬೆಂಗಳೂರು ಬೀಸ್ಟ್ ಇತ್ತು. 2017ರ ನಂತರ ಅದು ನಡೆಯಲಿಲ್ಲ. 2022ರಲ್ಲಿ ಆರು ನಗರಗಳ ಐಎನ್‌ಬಿಎಲ್ ಬಂತು, ಬೆಂಗಳೂರು ಕಿಂಗ್ಸ್ ಕಣಕ್ಕಿಳಿಯಿತು. ಎರಡರಲ್ಲೂ ನಾಗಪುರದ ಹೆಸರಿನ ತಂಡವಿರಲಿಲ್ಲ.

ರೈಲಿನಲ್ಲಿ ಒಂದು ದಿನ, ಅಂಕಣದಲ್ಲಿ ನಲವತ್ತು ನಿಮಿಷ

ಈಗ ಮತ್ತೆ ನಾಗಪುರದ ಬೆಳಗಿಗೆ ಬರೋಣ. ಊರಿನಲ್ಲಿ ಆಟಕ್ಕೆ ಬಡತನವಿಲ್ಲ. ಜಿಮ್ಖಾನಾಗಳಿವೆ, ಮಾನಕಾಪುರದ ವಿಭಾಗೀಯ ಕ್ರೀಡಾ ಸಂಕುಲವಿದೆ, ವರ್ಷವರ್ಷ ಖಾಸ್ದಾರ್ ಕ್ರೀಡಾ ಮಹೋತ್ಸವದ ಗದ್ದಲವಿದೆ. ಭಾರತ ತಂಡದ ಜರ್ಸಿ ತೊಟ್ಟ ಗಾರ್ಡ್ ಸಿಯಾ ದೇವಧರ್ ಈ ಊರಿನವಳು. ಇಲ್ಲಿಂದ ಹೌರಾ ದಾರಿ ಹಿಡಿದರೆ ಸಿಗುವ ಭಿಲಾಯಿಯಲ್ಲಿ ದಿವಂಗತ ತರಬೇತುದಾರ ರಾಜೇಶ್ ಪಟೇಲ್ ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ ತಲೆಮಾರುಗಟ್ಟಲೆ ಹುಡುಗಿಯರನ್ನು ತಯಾರು ಮಾಡಿದರು.

ಕೊರತೆ ಇರುವುದು ಪಂದ್ಯಗಳಿಗೆ. ಕಾಲೇಜು ಆಟಗಾರನ ವರ್ಷದ ದೊಡ್ಡ ಹಬ್ಬ ಅಂತರ ವಿಶ್ವವಿದ್ಯಾಲಯ ಟೂರ್ನಿ. ತುಕಡೋಜಿ ಮಹಾರಾಜ್ ನಾಗಪುರ ವಿಶ್ವವಿದ್ಯಾಲಯಕ್ಕೆ ಪಶ್ಚಿಮ ವಲಯ, ನಮ್ಮ ವಿಶ್ವವಿದ್ಯಾಲಯಗಳಿಗೆ ದಕ್ಷಿಣ ವಲಯ. ಮೊದಲ ಸುತ್ತುಗಳು ನಾಕೌಟ್. ಕೊನೆಗೆ ಉಳಿದ ನಾಲ್ಕು ತಂಡಗಳಿಗಷ್ಟೇ ಲೀಗ್. ಅಂದರೆ ತಿಂಗಳುಗಟ್ಟಲೆ ಬೆಳಗಿನ ಆರಕ್ಕೆ ಎದ್ದವನು ಇಡೀ ದಿನ ರೈಲಿನಲ್ಲಿ ಹೋಗಿ, 40 ನಿಮಿಷ ಆಡಿ, ಸೋತು, ಮತ್ತೆ ಇಡೀ ದಿನ ರೈಲಿನಲ್ಲಿ ವಾಪಸಾಗಬಹುದು. ಆ 40 ನಿಮಿಷದಲ್ಲಿ ಅವನು ಪಿಕ್ ಅಂಡ್ ರೋಲ್‌ನಲ್ಲಿ ತಪ್ಪು ದಾರಿ ಆರಿಸಿಕೊಂಡಿದ್ದರೆ ಅದನ್ನು ತಿದ್ದಿಕೊಳ್ಳಲು ಮುಂದಿನ ಪಂದ್ಯ ಮುಂದಿನ ವರ್ಷ. ಎದುರಾಳಿ ಯಾರೆಂದು ಮೊದಲೇ ತಿಳಿದು, ಅವನ ಆಟ ಓದಿ, ಮತ್ತೊಮ್ಮೆ ಎದುರಿಸುವ ಸುಖ ಅವನಿಗೆ ಸಿಗುವುದೇ ಇಲ್ಲ. ಎತ್ತರದವನಿಗೆ ಇದರಿಂದ ಅಷ್ಟು ನಷ್ಟವಿಲ್ಲ. ಸೋತು ಬಂದರೂ ಅವನ ಎತ್ತರ ಅವನ ಜೊತೆಯೇ ವಾಪಸು ಬರುತ್ತದೆ. ಗಾರ್ಡ್ ಖಾಲಿ ಕೈಯಲ್ಲಿ ಬರುತ್ತಾನೆ.

ಹಾಗಾದರೆ ಈ ಆಟ ಯಾರಿಗೂ ಅನ್ನ ಕೊಟ್ಟಿಲ್ಲವೇ? ಕೊಟ್ಟಿದೆ, ನೌಕರಿಯ ರೂಪದಲ್ಲಿ. ರೈಲ್ವೆ, ಓಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಸೇನೆ. ಬೆಂಗಳೂರಿನ ಕಾಲೇಜು ಹುಡುಗರ ಕಣ್ಣು ವರ್ಷಗಳ ಕಾಲ ವಿಜಯಾ ಬ್ಯಾಂಕ್ ತಂಡದ ಮೇಲಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಕ್ರೀಡಾ ಕೋಟಾದ ಕೆಲಸ ಹಗುರವಾಗಿ ನೋಡುವಂಥದ್ದಲ್ಲ. ಎಷ್ಟೋ ಮನೆಗಳ ಸಾಲ ತೀರಿಸಿದೆ, ಎಷ್ಟೋ ತಂಗಿಯರ ಮದುವೆ ಮಾಡಿಸಿದೆ. ಆದರೆ ಅದು ಆಡಿದ ಆಟಕ್ಕೆ ಸಿಕ್ಕ ಬಹುಮಾನ, ಆಡಲಿರುವ ಆಟಕ್ಕೆ ಸಂಬಳವಲ್ಲ. ನೇಮಕಾತಿ ಪತ್ರ ಕೈಗೆ ಬಂದ ದಿನವೇ ಎಷ್ಟೋ ಗಾರ್ಡ್‌ಗಳ ಬೆಳವಣಿಗೆ ನಿಂತಿದೆ. ಇಪ್ಪತ್ತೆರಡಕ್ಕೇ.

ಜಾಮ್ತಾದಲ್ಲಿ ಒಬ್ಬ ಕನ್ನಡಿಗ

ಇದೇ ನಾಗಪುರದ ಹೊರವಲಯದ ಜಾಮ್ತಾ ಕ್ರೀಡಾಂಗಣದಲ್ಲಿ 2025ರ ಮಾರ್ಚ್ 2ರಂದು ವಿದರ್ಭ ಮೂರನೇ ಸಲ ರಣಜಿ ಟ್ರೋಫಿ ಎತ್ತಿತು. ಕೇರಳದ ಎದುರಿನ ಆ ಫೈನಲ್‌ನಲ್ಲಿ 86 ಮತ್ತು 135 ರನ್ ಹೊಡೆದವನು ನಮ್ಮ ಕರುಣ್ ನಾಯರ್. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದವನಿಗೂ 2022ರಲ್ಲಿ ಕರ್ನಾಟಕ ತಂಡದಲ್ಲಿ ಜಾಗವಿರಲಿಲ್ಲ. ಮುಗಿಯಿತೆಂದು ಊರೆಲ್ಲ ಅಂದುಕೊಂಡಾಗ 2023ರಲ್ಲಿ ವಿದರ್ಭಕ್ಕೆ ಬಂದ. 2024–25ರಲ್ಲಿ ವಿಜಯ್ ಹಜಾರೆ ಟೂರ್ನಿಯಲ್ಲಿ 779, ರಣಜಿಯಲ್ಲಿ 863 ರನ್ ಕಲೆಹಾಕಿ, ಮತ್ತೆ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೊರಟ.

ಛಲದ ಕಥೆಯೆಂದು ಇದನ್ನು ಎಲ್ಲರೂ ಹೇಳುತ್ತಾರೆ. ಛಲ ಇತ್ತು, ನಿಜ. ಅದರ ಜೊತೆ ಒಂದು ಪಂಚಾಂಗವೂ ಇತ್ತು. ಕ್ರಿಕೆಟಿಗನಿಗೆ ಒಂದು ರಾಜ್ಯ ಬೇಡವೆಂದರೆ ಇನ್ನೊಂದು ರಾಜ್ಯವಿದೆ. ಅಲ್ಲಿ ಮುಷ್ತಾಕ್ ಅಲಿ, ವಿಜಯ್ ಹಜಾರೆ, ರಣಜಿ ಎಂದು ತಿಂಗಳುಗಟ್ಟಲೆ ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಇದೆ. ಒಂದರಲ್ಲಿ ಸೊನ್ನೆಯಾದರೆ ಮುಂದಿನ ವಾರ ತೀರಿಸಿಕೊಳ್ಳಬಹುದು. ಛಲಕ್ಕೆ ಊರುಗೋಲು ಆ ಪಂಚಾಂಗ.

ನಾಗಪುರದ ಇನ್ನೊಂದು ಹೆಮ್ಮೆ ದಿವ್ಯಾ ದೇಶ್‌ಮುಖ್, 2025ರ ಜುಲೈನಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಕೊನೇರು ಹಂಪಿಯನ್ನು ಸೋಲಿಸಿ ಮಹಿಳಾ ಚೆಸ್ ವಿಶ್ವಕಪ್ ಗೆದ್ದವಳು. ಚೆಸ್ ಆಡುವವಳಿಗೆ ಊರಲ್ಲಿ ಪಂದ್ಯವಿಲ್ಲದಿದ್ದರೆ, ಕಷ್ಟಪಟ್ಟಾದರೂ ಟಿಕೆಟ್ ಹೊಂದಿಸಿಕೊಂಡು ಪಂದ್ಯ ಇರುವಲ್ಲಿಗೆ ಹೋಗಬಹುದು. ಪಾಯಿಂಟ್ ಗಾರ್ಡ್‌ಗೆ ಆ ದಾರಿಯೂ ಇಲ್ಲ. ಅವನ ವಿದ್ಯೆ ಪ್ರಕಟವಾಗಬೇಕಾದರೆ ನಾಲ್ವರು ಜೊತೆಗಾರರು, ಐವರು ಎದುರಾಳಿಗಳು ಬೇಕು. ಹಿಮ್ಮೇಳ, ಮುಮ್ಮೇಳ ಎರಡೂ ಇಲ್ಲದೆ ಭಾಗವತ ಒಬ್ಬನೇ ಏನು ಹಾಡಿಯಾನು?

ಹಾಗಾದರೆ ಉತ್ತರ?

ಎನ್‌ಬಿಎ ವಿಷಯದಲ್ಲಿ ಹುಡುಗನಿಗೆ ಸುಳ್ಳು ಆಸೆ ತೋರಿಸುವುದು ಪಾಪ. ಏಷ್ಯಾದ ಲೀಗುಗಳು ಬೇರೆ ಮಾತು. ಗಾರ್ಡ್‌ನ ಕಣ್ಣಿದ್ದವನು ಅಲ್ಲಿ ಐದಡಿ ಎಂಟಕ್ಕೂ ಸಲ್ಲುತ್ತಾನೆ ಎಂಬುದನ್ನು ಕವಾಮುರಾ ತೋರಿಸಿದ್ದಾನೆ. ನಮ್ಮಲ್ಲಿ 2018ರಲ್ಲಿ ಶುರುವಾದ ತ್ರೀ-ಆನ್-ತ್ರೀ ಲೀಗಿನಂಥವು, ಅರ್ಧ ಅಂಕಣದಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಆಟ, ಒಂದೇ ದಿನದಲ್ಲಿ ಮೂರು ನಾಲ್ಕು ಪಂದ್ಯ ಕೊಡಬಲ್ಲವು. ಆದರೆ ಎಲ್ಲಕ್ಕೂ ಮೊದಲು ಹದಿನೆಂಟರಿಂದ ಇಪ್ಪತ್ತೆರಡರ ನಡುವಿನ ನಾಲ್ಕು ವರ್ಷ ತುಂಬಬೇಕು.

ಅದಕ್ಕೆ ಕೋಟಿಗಳ ಲೀಗು, ಟಿವಿ, ಬಣ್ಣದ ದೀಪ ಏನೂ ಬೇಡ. ನಾಗಪುರದ ಹತ್ತು ಕಾಲೇಜುಗಳು ತಮ್ಮತಮ್ಮಲ್ಲೇ ಒಪ್ಪಿಕೊಂಡು, ಪ್ರತಿ ತಂಡವನ್ನೂ ಒಮ್ಮೆ ತಮ್ಮ ಅಂಕಣದಲ್ಲಿ, ಒಮ್ಮೆ ಅವರ ಅಂಕಣದಲ್ಲಿ ಎದುರಿಸಿದರೆ ತಲಾ 18 ಪಂದ್ಯವಾಯಿತು. ಶನಿವಾರ ಸಂಜೆ ಸಾಕು, ಸಿಟಿ ಬಸ್ಸು ಸಾಕು. ಹುಬ್ಬಳ್ಳಿ–ಧಾರವಾಡಕ್ಕೂ ಮೈಸೂರಿಗೂ ಇದೇ ಲೆಕ್ಕ. ಮೂರು ವರ್ಷದಲ್ಲಿ 54 ಪಂದ್ಯ. ಅದೇ ಎದುರಾಳಿ, ಅದೇ ಪಿಕ್ ಅಂಡ್ ರೋಲ್. ಹೋದ ಸಲ ಎಡವಿದ ಅರ್ಧ ಸೆಕೆಂಡು ಈ ಸಲ ಕೈಗೆ ಬಂತೇ ಎಂದು ನೋಡಿಕೊಳ್ಳುವ ಅವಕಾಶ. ಆಗ ನಾವು ಅವನನ್ನು ಗೋಡೆಗೆ ನಿಲ್ಲಿಸಿ ಅಳೆಯುವ ಬದಲು, ಆಡಿದ್ದನ್ನು ನೋಡಿ ಅಳೆಯಬಹುದು. ಸಾಲದು ಎಂದು ತೀರ್ಮಾನವಾದರೂ ಅದು ಆಟದ ತೀರ್ಮಾನ, ಟೇಪಿನದಲ್ಲ.

ಅದು ಆಗುವವರೆಗೆ ಅವನ ವರ್ಷ ವಲಯ ಟೂರ್ನಿಯ ಸುತ್ತಲೇ ತಿರುಗುತ್ತದೆ. ನಾಕೌಟ್‌ಗೆ ಹೊರಡುವ ತಂಡಗಳಿಗೆಲ್ಲ ಒಂದು ಸಣ್ಣ ತಲೆನೋವಿದೆ: ಹೋಗುವ ಟಿಕೆಟ್ ಸರಿ, ವಾಪಸು ಟಿಕೆಟ್ ಯಾವ ದಿನಕ್ಕೆ ಬುಕ್ ಮಾಡುವುದು? ಮೊದಲ ದಿನವೇ ಸೋತರೆ ಮೂರು ದಿನ ಸುಮ್ಮನೆ ಕೂರಬೇಕು. ಗೆದ್ದರೆ ಟಿಕೆಟ್ ರದ್ದು ಮಾಡಬೇಕು. ಅನುಭವವಿರುವ ಮ್ಯಾನೇಜರ್‌ಗಳು ಎರಡನೇ ದಿನದ ರಾತ್ರಿಯ ಗಾಡಿಯತ್ತ ಕಣ್ಣು ಹಾಯಿಸುತ್ತಾರೆ. ಗಾರ್ಡ್‌ನನ್ನು ಕೇಳಿದರೆ ಫೈನಲ್ ಮುಗಿದ ಮರುದಿನದ ಗಾಡಿ ಎನ್ನುತ್ತಾನೆ, ತಾಳ ಹಾಕುವವನ ಗತ್ತಿನಲ್ಲಿ.